ಕಲಾವಿದರಿಗೆ ಸರ್ಕಾರದ ರೊಕ್ಕ: ಯಾರು ಯಾವ್ದಕ್ಕ ಅರ್ಜಿ ಹಾಕಿದ್ರ ಛಲೋ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಬಯಲಾಟದ ಮಾಸ್ತರು, ಬುರ್ರಕಥಾ ಹೇಳೋ ಅವ್ವಂದಿರು, ತತ್ವಪದ ಹಾಡೋ ಅಜ್ಜಂದಿರು, ಡೊಳ್ಳಿನ ಹುಡುಗ್ರು, ಕಿನ್ನಾಳದ ಚಿತ್ರಗಾರರು, ಯಾರು ಸಿಕ್ರೂ ಕೇಳೋದು ಒಂದ ಮಾತು, ಕಲಾವಿದರಿಗೆ ಸರ್ಕಾರದ್ದು ಏನರ ಐತೇನ್ರಿ ಅಂತ. ಐತಿ. ಒಂದಲ್ಲ, ಹತ್ತಾರು ಅದಾವ, ರಾಜ್ಯದ್ದು ಬ್ಯಾರೆ, ಕೇಂದ್ರದ್ದು ಬ್ಯಾರೆ, ಅಕಾಡೆಮಿದು ಬ್ಯಾರೆ, ಹೆಸರೂ ಒಂದಕ್ಕೊಂದು ಹೋಲ್ತಾವ, ಹಂಗಾಗಿ ಮಂದಿ ಏನ್ ಮಾಡ್ತಾರಂದ್ರ ವಾಟ್ಸಾಪ್‌ನಾಗ ಯಾವ್ದೋ ಪೋಸ್ಟರ್ ಬಂತು ಅಂತ ಅದಕ್ಕ ಅರ್ಜಿ ಹಾಕಿಬಿಡ್ತಾರ, ಅದು ನೋಡಿದ್ರ ರಿಜಿಸ್ಟರ್ ಆದ ಸಂಘಕ್ಕ ಇರೋದು, ಇವ್ರು ಒಬ್ರ ಕುಂತು ಹಾಡೋರು, ರಿಜೆಕ್ಟ್ ಆಗ್ತೈತಿ, ಆಮ್ಯಾಲ "ಎಲ್ಲಾ ಬೆಂಗಳೂರಿನವ್ರಿಗೇ ಹೋಗ್ತೈತಿ ಬಿಡ್ರಿ" ಅಂತ ಬೈಕೊಂಡು ಸುಮ್ನಾಗ್ತಾರ.

ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೀನಿ. ಮೊತ್ತ ನೋಡಿ ಸ್ಕೀಮ್ ಆರಿಸಬ್ಯಾಡ್ರಿ, ನಿಮ್ಮ ಹತ್ರ ಇರೋ ಕಾಗದ ನೋಡಿ ಆರಿಸ್ರಿ. ತಿಂಗಳಿಗೆ 20,000 ಕೊಡೋ ಫೆಲೋಶಿಪ್ ಹೆಸರು ಕೇಳಿದ್ರ ಕಿವಿ ನೆಟ್ಟಗಾಗ್ತಾವ ಖರೆ, ಆದ್ರ ಅದಕ್ಕ ಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಬರಿಯೋರು ಮನ್ಯಾಗ ಯಾರದಾರ ಅನ್ನೋದು ಮೊದ್ಲ ನೋಡ್ಕೊಬೇಕು. ಅದಕ್ಕ ಮೊದ್ಲು ಮೂರು ಪ್ರಶ್ನೆ ಕೇಳ್ಕೊಳ್ರಿ: ಆಧಾರ್‌ನಾಗ ನಿಮ್ಮ ವಯಸ್ಸು ಎಷ್ಟು ಐತಿ (ನಿಜವಾದ ವಯಸ್ಸಲ್ಲ, ಆಧಾರ್‌ನಾಗ ಇರೋದು), ನೀವು ಒಬ್ರಾ ಇಲ್ಲಾ ತಂಡನಾ, ಮತ್ತ ನೀವು ಕುಣಿದು ಹಾಡಿ ತೋರ್ಸೋರಾ ಇಲ್ಲಾ ಕೈಲಿ ವಸ್ತು ಮಾಡೋರಾ. ಈ ಮೂರಕ್ಕ ಉತ್ತರ ಸಿಕ್ಕಿದ್ರ ಅರ್ಧಕ್ಕರ್ಧ ಸ್ಕೀಮು ತಾವಾಗೆ ಉದುರಿ ಹೋಗ್ತಾವ.

ವಯಸ್ಸಾದವ್ರಿಗೆ: ರಾಜ್ಯದ ಮಾಸಾಶನನಾ, ಕೇಂದ್ರದ್ದಾ, ಸಂಧ್ಯಾ ಸುರಕ್ಷಾನಾ

ಇಲ್ಲಿ ಜಾಸ್ತಿ ಹೇಳ್ಬೇಕು, ಯಾಕಂದ್ರ ನಮ್ಮ ಕಡೆ ಕಷ್ಟದಾಗ ಇರೋ ಕಲಾವಿದರಾಗ ಬಹಳಷ್ಟು ಮಂದಿ ಹಿರೇರು.

ರಾಜ್ಯದ್ದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡೋ ಮಾಸಾಶನ. 58 ವರ್ಷ ತುಂಬಿರ್ಬೇಕು, ವರ್ಷದ ಆದಾಯ ಮಿತಿಯೊಳಗ ಇರ್ಬೇಕು, ಬಹಳ ವರ್ಷದಿಂದ ಕಲೆಯೊಳಗ ಇದ್ದೀರಿ ಅನ್ನೋದಕ್ಕ ದಾಖಲೆ ಇರ್ಬೇಕು. ಅರ್ಜಿ ಸೇವಾ ಸಿಂಧು ಮೂಲಕ ಆನ್‌ಲೈನ್, ಗ್ರಾಮ ಒನ್‌ನಾಗೂ ಹಾಕಿಸ್ಬಹುದು, ಆದ್ರ ಹಾಕಿದ ಮ್ಯಾಲ ಒಂದ್ಸಲ ಜಿಲ್ಲಾದ ಸಹಾಯಕ ನಿರ್ದೇಶಕರ ಆಫೀಸಿಗೆ ಹೋಗಿ ಅರ್ಜಿ ನಂಬರ್ ತೋರ್ಸಿ ಮಾತಾಡಿ ಬರೋದು ಛಲೋ. ಆಮ್ಯಾಲ ಸಂದರ್ಶನ ಅಂತ ಕರೀತಾರ, ಅಲ್ಲಿ ಹಾಡಬೇಕು, ಬಾರಿಸಬೇಕು, ಪಾತ್ರದ ಮಾತು ಹೇಳಿ ತೋರ್ಸಬೇಕು. ಸಂದರ್ಶನ ಅಂದ ಕೂಡ್ಲೆ ಇಂಗ್ಲಿಷ್ ಪ್ರಶ್ನೆ ಕೇಳ್ತಾರೇನೋ ಅಂತ ಅಂಜೋ ಅಜ್ಜಂದಿರು ಅದಾರ, ಹಂಗೇನಿಲ್ಲ, ನಿಮ್ಮ ತಂಬೂರಿ, ದಿಮ್ಮು, ಚೌಡಿಕೆ ಯಾವ್ದೈತೋ ಅದನ್ನ ಹಿಡ್ಕೊಂಡು ಹೋಗ್ರಿ, ವೇಷ ಇದ್ರ ವೇಷನೂ ಹಾಕ್ಕೊಂಡು ಹೋಗ್ರಿ, ನಾಚ್ಕೊಳ್ಳೋದು ಏನೈತಿ. ಮೊತ್ತ ದೊಡ್ಡದಲ್ಲ, ಬಜೆಟ್‌ನಾಗ ಆಗಾಗ ಏರಿಸ್ತಿರ್ತಾರ, ಹಂಗಾಗಿ ಹೊಸ ಆದೇಶದಾಗ ಎಷ್ಟೈತಿ ಅಂತ ಅಲ್ಲೇ ಆಫೀಸಿನಾಗ ಕೇಳ್ರಿ. ಕಲಾವಿದರು ತೀರಿಕೊಂಡ್ರ ಅವ್ರ ಹೆಂಡ್ತಿಗೆ ಮಾಸಾಶನ ಕೊಡೋ ಅವಕಾಶನೂ ಐತಿ, ಇದು ಬಹಳ ಮನಿಗೋಳಿಗೆ ಗೊತ್ತ ಇಲ್ಲ, ಅಜ್ಜ ಹೋದ ಮ್ಯಾಲ ಅಜ್ಜಿ ಹೆಸರಿನಾಗ ಯಾರೂ ಅರ್ಜಿ ಹಾಕಂಗೇ ಇಲ್ಲ.

ಕೇಂದ್ರದ್ದು ಸಂಸ್ಕೃತಿ ಸಚಿವಾಲಯದ ಸ್ಕೀಮು, ಹಿರಿಯ ಕಲಾವಿದರಿಗೆ ಆರ್ಥಿಕ ನೆರವು ಅಂತ. ಇಲ್ಲಿ ವಯಸ್ಸು 60, ತಿಂಗಳಿಗೆ ಗರಿಷ್ಠ 6,000 ರೂಪಾಯಿ. ರಾಜ್ಯದ್ದಕ್ಕಿಂತ ಇದ ಛಲೋ ಅಲ್ಲೇನು ಅಂತ ನೀವು ಕೇಳ್ಬಹುದು, ಆದ್ರ ಇದರಾಗ ಒಂದು ಷರತ್ತು ಐತಿ, ಅದನ್ನ ಓದದೆ ಅರ್ಜಿ ಹಾಕಿದವ್ರದೆಲ್ಲಾ ಅಲ್ಲೇ ನಿಂತು ಹೋಗ್ತೈತಿ: ರಾಜ್ಯದಿಂದ ತಿಂಗಳಿಗೆ ಕನಿಷ್ಠ 500 ರೂಪಾಯಿ ಕಲಾವಿದರ ಪೆನ್ಷನ್ ನಿಮಗ ಆಗ್ಲೇ ಬರ್ತಿರ್ಬೇಕು. ಅಂದ್ರ ಎರಡರಾಗ ಯಾವ್ದು ಅನ್ನೋ ಪ್ರಶ್ನೆನೇ ಇಲ್ಲ, ರಾಜ್ಯದ್ದು ಮೊದ್ಲು, ಅದು ಬರಾಕ ಹತ್ತಿದ ಮ್ಯಾಲ ಕೇಂದ್ರದ್ದು. ರಾಜ್ಯದ ಮಾಸಾಶನ ಸಣ್ಣದು ಅಂತ ಬಿಟ್ಟು ಕುಂತವ್ರು ದೊಡ್ಡದರ ಬಾಗಿಲನ್ನ ತಾವ ಮುಚ್ಚಿಕೊಂಡಂಗ. ಆದಾಯದ ಮಿತಿ ಕೇಂದ್ರದ್ದು ಬಹಳ ಬಿಗಿ ಐತಿ, ಅದಕ್ಕ ಆದಾಯ ಪ್ರಮಾಣಪತ್ರ ಮಾಡಿಸೋ ಮೊದ್ಲು ಅರ್ಜಿ ಫಾರ್ಮ್‌ನಾಗ ಎಷ್ಟು ಬರ್ದಾರ ಅನ್ನೋದನ್ನ ಓದ್ಸಿಕೊಳ್ರಿ.

ಮೂರನೇದು ಸಂಧ್ಯಾ ಸುರಕ್ಷಾ, 65 ವರ್ಷ ಆದವ್ರಿಗೆ ತಿಂಗಳಿಗೆ 1,200. ಇದು ಕಲಾವಿದರಿಗೆ ಅಂತ ಇರೋದಲ್ಲ, ಬಡವ್ರಿಗೆ ಎಲ್ಲಾರಿಗೂ ಇರೋದು, ಕಂದಾಯ ಇಲಾಖೆದು. ಇದರ ಲಾಭ ಏನಂದ್ರ ಕಲೆಗೆ ಸಾಕ್ಷಿ ಬೇಕಾಗಿಲ್ಲ, ಸಂದರ್ಶನ ಇಲ್ಲ. ನಷ್ಟ ಏನಂದ್ರ ಮಾಸಾಶನಕ್ಕ ಅರ್ಜಿ ಹಾಕೋವಾಗ ಬ್ಯಾರೆ ಸರ್ಕಾರಿ ಪಿಂಚಣಿ ಇಲ್ಲ ಅಂತ ಬರ್ಕೊಡೋ ಮಾತು ಬರ್ತೈತಿ, ಆವಾಗ ಒಂದನ್ನ ಬಿಡ್ಬೇಕಾಗ್ತೈತಿ. ಈಗ 65 ದಾಟಿ ಸಂಧ್ಯಾ ಸುರಕ್ಷಾ ತಗೊಳ್ತಿರೋ ಅಜ್ಜ ಇದ್ರ, ನಾನು ಹೇಳೋದು, ಮಾಸಾಶನ ಮಂಜೂರಾದ ಕಾಗದ ಕೈಗೆ ಬರೋ ತನಕ ಹಳೇದನ್ನ ರದ್ದು ಮಾಡಿಸ್ಬ್ಯಾಡ್ರಿ, ಮಂಜೂರಾತಿಗೆ ಬಹಳ ದಿನ ಹಿಡೀತೈತಿ, ನಡುವ ಎರಡೂ ಇಲ್ಲದಂಗ ಆದ್ರ ಗುಳಿಗಿಗೂ ರೊಕ್ಕ ಇರಂಗಿಲ್ಲ. ಮಂಜೂರಾತಿ ಬಂದ ತಕ್ಷಣ ಮಾತ್ರ ಬಿಟ್ಟುಕೊಡ್ರಿ, ಎರಡೂ ತಗೊಂಡು ಕುಂತ್ರ ಮುಂದ ವಾಪಸ್ ಕಟ್ಟು ಅಂತಾರ.

ಇನ್ನ ಪ್ರಶಸ್ತಿ ನಂಬ್ಕೊಂಡು ಕುಂದ್ರೋರ ಬಗ್ಗೆ ಒಂದು ಮಾತು. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವ್ರಿಗೆ 2025ರಾಗ ತೊಗಲುಗೊಂಬೆ ಆಟಕ್ಕ ಪದ್ಮಶ್ರೀ ಬಂತು, ಆವಾಗ ಅವ್ರಿಗೆ 96 ವರ್ಷ. ಪೂರಾ ಜಿಲ್ಲಾ ಹೆಮ್ಮೆ ಪಡ್ತು, ನಾವೂ ಪಟ್ವಿ. ಆದ್ರ ಪದ್ಮ ಪ್ರಶಸ್ತಿಗೆ ನಗದು ಇಲ್ಲ, ಪದಕ ಮತ್ತ ಸನ್ನದು ಅಷ್ಟ. ರಾಜ್ಯೋತ್ಸವ ಪ್ರಶಸ್ತಿಗೆ 5 ಲಕ್ಷ ರೂಪಾಯಿ ಮತ್ತ 25 ಗ್ರಾಂ ಬಂಗಾರದ ಪದಕ ಐತಿ, ಆದ್ರ ಅದು ಬರೋದು ಎಷ್ಟು ಮಂದಿಗೆ, ಯಾವ ವಯಸ್ಸಿಗೆ. ಪ್ರಶಸ್ತಿ ಬಂದ್ರ ಬರ್ಲಿ, ಮಾಸಾಶನದ ಅರ್ಜಿ ಹಾಕಿ ಇಟ್ಟಿರ್ರಿ.

58ರ ಕೆಳಗ ಇರೋರಿಗೆ

ಇಲ್ಲಿ ನಿಜಕ್ಕೂ ಒಂದು ದೊಡ್ಡ ಗುಂಡಿ ಐತಿ. 40ರಿಂದ 58ರ ನಡುವಿನ ಬಡ ಕಲಾವಿದ, ಮಕ್ಕಳು ಓದ್ತಿರ್ತಾರ, ಸೀಜನ್ ಇದ್ದಾಗ ಆಟ, ಇಲ್ಲದಾಗ ಹತ್ತಿ ಬಿಡಿಸಾಕ ಇಲ್ಲಾ ಮೆಣಸಿನಕಾಯಿ ಹೊಲಕ್ಕ ಕೂಲಿ, ಅಂಥವ್ನಿಗೆ ತಿಂಗಳ ತಿಂಗಳ ಬರೋ ಯಾವ ಸ್ಕೀಮೂ ಸರಿಯಾಗಿ ಇಲ್ಲ. ಹೆಸರಿಗೆ ಸೀನಿಯರ್ ಫೆಲೋಶಿಪ್ ಐತಿ, 40 ದಾಟಿದವ್ರಿಗೆ ತಿಂಗಳಿಗೆ 20,000ದಂಗ ಎರಡು ವರ್ಷ. 25ರಿಂದ 40ರವ್ರಿಗೆ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000, ಅದೂ ಎರಡು ವರ್ಷ. ದೇಶಕ್ಕೆಲ್ಲಾ ಸೇರಿ ಒಂದು ಬ್ಯಾಚಿಗೆ ಸೀನಿಯರ್ 200, ಜೂನಿಯರ್ 200. ಇವನ್ನ ದಿಲ್ಲಿಯ ಸಿಸಿಆರ್‌ಟಿ (ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ) ಮೂಲಕ ಕೊಡ್ತಾರ. ಜಾನಪದಕ್ಕೂ ಐತಿ, ರಂಗಭೂಮಿಗೂ ಐತಿ, ಹಂಗಾಗಿ ಕಾಗದದ ಮ್ಯಾಲ ನಮ್ಮ ದೊಡ್ಡಾಟದ ಸಾರಥಿನೂ ಹಾಕ್ಬಹುದು. ಆದ್ರ ಇದು ಬಡತನ ನೋಡಿ ಕೊಡೋದಲ್ಲ, ಪ್ರಾಜೆಕ್ಟ್ ನೋಡಿ ಕೊಡೋದು. ಏನ್ ಅಧ್ಯಯನ ಮಾಡ್ತೀರಿ, ಯಾಕ ಮಾಡ್ತೀರಿ, ಹೆಂಗ ಮಾಡ್ತೀರಿ ಅಂತ ಬರ್ದು ಕೊಡ್ಬೇಕು, ರೊಕ್ಕ ತಿಂಗಳ ತಿಂಗಳ ಬರಂಗಿಲ್ಲ, ಆರು ತಿಂಗಳಿಗೊಮ್ಮೆ ಕಂತಿನ ಲೆಕ್ಕ, ಪ್ರತಿ ಸಲ ರಿಪೋರ್ಟ್ ಕಳ್ಸಿದ ಮ್ಯಾಲನ ಮುಂದಿನ ಕಂತು.

ಹಂಗಂತ ಬಿಟ್ಟುಬಿಡ್ರಿ ಅಂತ ಅನ್ನಾಕತ್ತಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಮಗ ಹತ್ರ ಐತಿ, ಅಲ್ಲಿ ಜಾನಪದ ಓದ್ತಿರೋ ಹುಡುಗ್ರು ವರ್ಷಕ್ಕೊಮ್ಮೆ ನಿಮ್ಮ ಊರಿಗೆ ರೆಕಾರ್ಡಿಂಗ್‌ಗೆ ಬಂದಿರ್ತಾರ, ನಿಮ್ಮ ಪದ ಹಾಡಿಸ್ಕೊಂಡು ಥೀಸಿಸ್ ಮಾಡ್ತಾರ, ಅವ್ರನ್ನ ಕುಂದ್ರಿಸ್ಕೊಂಡು "ತಮ್ಮಾ ನನ್ನ ಅರ್ಜಿನೂ ಒಂದು ಬರ್ಕೊಡು" ಅಂತ ಕೇಳ್ರಿ. ಇಷ್ಟು ವರ್ಷ ಕೊಟ್ಟಿದ್ದಕ್ಕ ಅಷ್ಟು ಕೇಳೋ ಹಕ್ಕು ಐತಿ. ಅಂಥವ್ರು ಯಾರೂ ಸಿಗಲಿಲ್ಲ ಅಂದ್ರ ಫೆಲೋಶಿಪ್ ಹಿಂದ ಬೀಳ್ಬ್ಯಾಡ್ರಿ, ಕಾರ್ಯಕ್ರಮದ ಕಡೆ ಗಮನ ಕೊಡ್ರಿ, ಅದನ್ನ ಮುಂದ ಹೇಳ್ತೀನಿ.

18ರಿಂದ 25ರ ಹುಡುಗ ಹುಡುಗ್ಯಾರಿಗೆ ಬ್ಯಾರೆ ಮಾತು. ಯುವ ಕಲಾವಿದರ ಸ್ಕಾಲರ್‌ಶಿಪ್ ಅಂತ ಐತಿ, ತಿಂಗಳಿಗೆ 5,000, ಎರಡು ವರ್ಷ, ದೇಶಕ್ಕ 400. ಮೊತ್ತದಾಗ ಜೂನಿಯರ್ ಫೆಲೋಶಿಪ್‌ನ ಅರ್ಧ, ಆದ್ರ ನನ್ನ ಪ್ರಕಾರ ನಮ್ಮ ಕಡೆ ಹುಡುಗ್ರಿಗೆ ಅದಕ್ಕಿಂತ ಇದ ಸಸಾರ, ಯಾಕಂದ್ರ ಇಲ್ಲಿ ಥೀಸಿಸ್ ತರ ಬರಿಯೋ ಕೆಲ್ಸ ಇಲ್ಲ, ಗುರುವಿನ ಹತ್ರ ಕನಿಷ್ಠ 5 ವರ್ಷ ಕಲ್ತಿರ್ಬೇಕು, ಕಮಿಟಿ ಮುಂದ ಮಾಡಿ ತೋರ್ಸಬೇಕು. ನಮ್ಮ ಹುಡುಗ್ರು ಬಾರಿಸೋದ್ರಾಗ ಯಾರಿಗೂ ಕಮ್ಮಿ ಇಲ್ಲ. ಎಡವೋದು ಎಲ್ಲಿ ಅಂದ್ರ ಗುರುವಿನ ಸರ್ಟಿಫಿಕೇಟಿನಾಗ. ಮನ್ಯಾಗ ಅಪ್ಪನ ಹತ್ರಾನೋ ಕಾಕಾನ ಹತ್ರಾನೋ ಕಲ್ತಿರ್ತಾರ, ಯಾವ ವರ್ಷದಿಂದ ಯಾವ ವರ್ಷದ ತನಕ ಅಂತ ಯಾರೂ ಬರ್ದಿಟ್ಟಿರಂಗಿಲ್ಲ. ಅಪ್ಪನೇ ಗುರು ಆಗಿದ್ರೂ ಚಿಂತಿ ಇಲ್ಲ, ಒಂದು ಕಾಗದದ ಮ್ಯಾಲ ಇಸವಿ ಹಾಕಿ ಸಹಿ ಮಾಡಿಸಿ ಇಟ್ಟುಕೊಳ್ರಿ, ಈಗಿಂದಾನ.

ಇನ್ನ ಸಣ್ಣ ಮಕ್ಕಳು. 10ರಿಂದ 14 ವರ್ಷದ ಮಕ್ಕಳಿಗೆ ಸಿಸಿಆರ್‌ಟಿದೇ ಇನ್ನೊಂದು ಸ್ಕಾಲರ್‌ಶಿಪ್ ಐತಿ, ವರ್ಷಕ್ಕ 3,600 ರೂಪಾಯಿ ಮತ್ತ ಗುರುವಿಗೆ ಕೊಟ್ಟ ಫೀಜು ವರ್ಷಕ್ಕ 9,000ದ ತನಕ. ರೊಕ್ಕ ಸಣ್ಣದು, ಆದ್ರ ಕಲೆಯ ಮನೆತನದ ಮಕ್ಕಳಿಗೆ ಅಂತಾನ ಇದ್ರಾಗ ಬ್ಯಾರೆ ಸೀಟು ಇಟ್ಟಾರ. ಶಿಳ್ಳೇಕ್ಯಾತರು, ಬುಡ್ಗ ಜಂಗಮರು, ಗೊಂದಲಿಗರು, ಹಗಲುವೇಷದವ್ರು, ಇವ್ರ ಮಕ್ಕಳಿಗೆ ಹೇಳಿ ಮಾಡ್ಸಿದಂಗ ಐತಿ, ಆದ್ರ ಅರ್ಜಿ ಹಾಕೋರೆಲ್ಲಾ ಪ್ಯಾಟ್ಯಾಗ ಭರತನಾಟ್ಯ ಕ್ಲಾಸಿಗೆ ಹೋಗೋರು. ಸಾಲಿ ಮಾಸ್ತರು ಯಾರಾದ್ರೂ ಇದನ್ನ ಓದ್ತಿದ್ರ, ನಿಮ್ಮ ಕ್ಲಾಸಿನಾಗ ಅಂಥ ಒಂದು ಮಗು ಇದ್ರ, ದಯವಿಟ್ಟು ನೀವ ಮುಂದ ನಿಂತು ಹಾಕಿಸ್ರಿ.

ಗುರು ಶಿಷ್ಯ ಅಂತ ಎರಡು ಅದಾವ, ಕಲೆಸ್ಕೋಬ್ಯಾಡ್ರಿ

ಇದರಾಗ ಬಹಳ ಗೊಂದಲ. ಒಂದು ಸಂಸ್ಕೃತಿ ಸಚಿವಾಲಯದ ಗುರು ಶಿಷ್ಯ ಪರಂಪರೆ ಅನುದಾನ, ಮಂದಿ ರೆಪರ್ಟರಿ ಗ್ರಾಂಟ್ ಅಂತಾರ. ಗುರುವಿಗೆ ತಿಂಗಳಿಗೆ 15,000, ಶಿಷ್ಯರಿಗೆ ವಯಸ್ಸಿನ ಮ್ಯಾಲ 2,000ದಿಂದ 10,000, ನಾಟಕಕ್ಕಾದ್ರ 18 ಮಂದಿ ಶಿಷ್ಯರ ತನಕ, ಸಂಗೀತ ನೃತ್ಯಕ್ಕಾದ್ರ 10. ಇದಕ್ಕ ರಿಜಿಸ್ಟರ್ ಆದ ಸಂಸ್ಥೆ ಬೇಕು, ಆಡಿಟ್ ಬೇಕು, ದರ್ಪಣ್ ಪೋರ್ಟಲ್ (ಸಂಘ ಸಂಸ್ಥೆಗೋಳು ಹೆಸರು ನೋಂದಾಯಿಸೋ ಕೇಂದ್ರದ ವೆಬ್‌ಸೈಟ್) ನಂಬರ್ ಬೇಕು.

ಇನ್ನೊಂದು ವಲಯ ಸಾಂಸ್ಕೃತಿಕ ಕೇಂದ್ರದ್ದು, ಅಂದ್ರ ಕೆಲವು ರಾಜ್ಯ ಸೇರಿಸಿ ಒಂದೊಂದು ವಲಯ ಅಂತ ಕೇಂದ್ರ ಸರ್ಕಾರ ಮಾಡಿದ ಸಂಸ್ಥೆದು. ಕರ್ನಾಟಕ ತಂಜಾವೂರಿನ ದಕ್ಷಿಣ ವಲಯದಾಗೂ ಐತಿ, ನಾಗಪುರದ ದಕ್ಷಿಣ ಮಧ್ಯ ವಲಯದಾಗೂ ಐತಿ. ಇಲ್ಲಿ ಗುರುವಿಗೆ ತಿಂಗಳಿಗೆ 7,500, ಪಕ್ಕವಾದ್ಯದವ್ರಿಗೆ 3,750, ಶಿಷ್ಯರಿಗೆ 1,500. ಮೊದ್ಲಿನದ್ದರ ಅರ್ಧ ಅಷ್ಟ. ಆದ್ರ ಇದನ್ನ ಇಟ್ಟಿರೋದ ಅಳಿವಿನ ಅಂಚಿಗೆ ಬಂದ ಕಲೆಗೆ, ಒಬ್ಬ ಗುರು ತನ್ನ ಊರಾಗ, ತನ್ನ ಓಣ್ಯಾಗ ಕುಂತು ಕಲಿಸೋದಕ್ಕ. ಬುರ್ರಕಥಾ ತಗೊಳ್ರಿ. ಸಂಡೂರು ತಾಲೂಕಿನ ದರೋಜಿ ಈರಮ್ಮ ಇದ್ದಷ್ಟು ದಿನ ಆ ಕಲೆಗೆ ಒಂದು ಹೆಸರು, ಒಂದು ಮುಖ ಇತ್ತು, ಅವ್ರು ತೀರಿಕೊಂಡಿದ್ದು 2014ರಾಗ. ಅಕ್ಷರ ಬರದಿದ್ರೂ ಸಾವಿರಾರು ಸಾಲಿನ ಕಥೆಗೋಳನ್ನ ಬಾಯಿಲೇ ಹೇಳ್ತಿದ್ರು. ಅಂಥ ಬಾಯಿಪಾಠ ಮುಂದಿನ ತಲೆಮಾರಿಗೆ ದಾಟ್ಬೇಕಂದ್ರ ಪ್ಯಾಟಿ ಸಂಸ್ಥೆ ಅಲ್ಲ, ಒಬ್ಬಾಕಿ ಗುರು, ನಾಕು ಹುಡುಗ್ಯಾರು, ಒಂದು ಮನಿ ಪಡಸಾಲಿ ಸಾಕು. ಹಂಗಾಗಿ ಹಾಡಿ ಕಲಿಸೋ ಕಲೆಯಾದ್ರ ವಲಯ ಕೇಂದ್ರದ್ದು, ತಂಡವಾಗಿ ನಾಟಕ ಕಟ್ಟೋರಾದ್ರ ಸಚಿವಾಲಯದ್ದು, ಇದು ನನ್ನ ಲೆಕ್ಕ. ಇನ್ನೊಂದು ಲಾಭ, ವಲಯ ಕೇಂದ್ರದ ಕಲಾವಿದರ ಪಟ್ಟಿಯೊಳಗ ನಿಮ್ಮ ತಂಡದ ಹೆಸರು ಸೇರಿದ್ರ ಬ್ಯಾರೆ ರಾಜ್ಯದ ಉತ್ಸವಕ್ಕ ಕರೀತಾರ, ಹೋಗಿ ಬರೋ ಖರ್ಚು, ಊಟ ವಸತಿ, ದಿನದ ಗೌರವಧನ ಕೊಡ್ತಾರ.

ಸಂಘ ಮಾಡ್ಬೇಕಾ, ಬ್ಯಾಡಾ

ಇದು ಎಲ್ಲಾರೂ ಕೇಳೋದು. ಸಂಘ ನೋಂದಣಿಗೆ 1960ರ ಕಾಯ್ದೆ ಪ್ರಕಾರ ಕನಿಷ್ಠ 7 ಮಂದಿ ಬೇಕು. ರಿಜಿಸ್ಟರ್ ಮಾಡಿಸೋದು ಕಷ್ಟ ಅಲ್ಲ, ಆಮ್ಯಾಲ ಸಾಕೋದು ಕಷ್ಟ. ವರ್ಷಾ ವರ್ಷಾ ಸಭೆ ನಡಸ್ಬೇಕು, ಲೆಕ್ಕ ಆಡಿಟ್ ಮಾಡಿಸ್ಬೇಕು, ರಿಜಿಸ್ಟ್ರಾರ್ ಆಫೀಸಿಗೆ ಒಪ್ಪಿಸ್ಬೇಕು. ನಾಕು ವರ್ಷ ಬಿಟ್ಟು ಗ್ರಾಂಟ್ ಬಂತಂತ ಓಡಿದ್ರ ಮೊದ್ಲ ದಂಡ ಕಟ್ಟಿ ಬಾ ಅಂತಾರ. ಮತ್ತ ಬಹಳಷ್ಟು ಅನುದಾನಕ್ಕ ಸಂಘ ಹುಟ್ಟಿ ಮೂರು ವರ್ಷ ಆಗಿರ್ಬೇಕು. ಕೇಂದ್ರದ ಕಾರ್ಯಕ್ರಮ ಅನುದಾನ 5 ಲಕ್ಷದ ತನಕ ಸಿಗ್ತೈತಿ ಅಂತಾರ, ಖರೆ, ಆದ್ರ ಖರ್ಚಿನ ಒಂದು ಪಾಲು ನೀವ ಹಾಕ್ಬೇಕು, ಮಾಡಿದ ಖರ್ಚಿಗೆ ಬಿಲ್ ಇರ್ಬೇಕು, ರೊಕ್ಕ ಕಂತಿನಾಗ ಬರ್ತೈತಿ. ಕೈಯಿಂದ ಮೊದ್ಲು ಖರ್ಚು ಮಾಡೋ ತಾಕತ್ತಿಲ್ಲದ ತಂಡ ಇದಕ್ಕ ಕೈ ಹಾಕಿದ್ರ ಬಡ್ಡಿ ಸಾಲ ಮಾಡ್ಬೇಕಾಗ್ತೈತಿ, ಆಮ್ಯಾಲ ಗ್ರಾಂಟ್ ಬಂದ್ರೂ ಬಡ್ಡಿಗೆ ಹೋಗ್ತೈತಿ.

ನಾನು ಹೇಳೋದು, ತಂಡದಾಗ ಓದು ಬಲ್ಲ, ಲೆಕ್ಕ ಇಡೋ ಒಬ್ಬ ಮನುಷ್ಯ ಇದ್ರ ಮಾತ್ರ ಸಂಘ ಮಾಡ್ರಿ. ಇಲ್ಲಂದ್ರ ಇಲಾಖೆ ಕಾರ್ಯಕ್ರಮಗೋಳು ಸಾಕು. ಜನಪರ ಉತ್ಸವ, ಯುವ ಸೌರಭ, ಸಾಂಸ್ಕೃತಿಕ ಸೌರಭ, ಮಕ್ಕಳಿಗೆ ಚಿಗುರು, ಹಂಪಿ ಉತ್ಸವ, ಆನೆಗೊಂದಿ ಉತ್ಸವ, ಇವಕ್ಕೆಲ್ಲಾ ತಂಡದ ನಾಯಕನ ಹೆಸರಿನಾಗ ಅರ್ಜಿ ಕೊಟ್ಟು ಆಡಬಹುದು, ಸಂಭಾವನೆ ಖಾತೆಗೆ ಬರ್ತೈತಿ. ಲೇಟಾಗಿ ಬರ್ತೈತಿ, ಅದೂ ಖರೆ, ಆದ್ರ ಇಲ್ಲಿ ನಿಮ್ಮ ಕೈಯಿಂದ ಹೋಗೋದು ಗಾಡಿ ಬಾಡಿಗಿ ಮಾತ್ರ. ಅದಕ್ಕಿಂತ ಮುಖ್ಯ ಏನಂದ್ರ ಪ್ರತಿ ಕಾರ್ಯಕ್ರಮದಿಂದ ಒಂದು ಆಮಂತ್ರಣ ಪತ್ರ, ಒಂದು ಪ್ರಮಾಣಪತ್ರ, ಪೇಪರ್‌ನಾಗ ಒಂದು ಫೋಟೋ ಸಿಗ್ತೈತಿ, ಅವ ಮುಂದ 58ಕ್ಕ ಮಾಸಾಶನದ ಸಾಕ್ಷಿ ಆಗ್ತಾವ. ಬಯಲಾಟದವ್ರು ಬಾಗಲಕೋಟೆಯ ಬಯಲಾಟ ಅಕಾಡೆಮಿ ಕಡೆ ಕಣ್ಣಿಟ್ಟಿರ್ರಿ, ಹಾಡು ಕುಣಿತದವ್ರು ಜಾನಪದ ಅಕಾಡೆಮಿ ಕಡೆ. ಜೋಗತಿ ಮಂಜಮ್ಮ 2019ರಾಗ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದ್ರು, ಮರಿಯಮ್ಮನಹಳ್ಳಿಯಿಂದ ಹೋದೋರು, ನಮ್ಮ ಕಡೆಯವ್ರಿಗೆ ಅಕಾಡೆಮಿ ಅನ್ನೋದು ದೂರದ್ದಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವ್ರು ಇನ್ನೊಂದು ದಾರಿ ನೋಡ್ಲೇಬೇಕು. ಎಸ್‌ಸಿಎಸ್‌ಪಿ, ಟಿಎಸ್‌ಪಿ ಅಂತ ಇಲಾಖೆಯೊಳಗ ಬ್ಯಾರೆ ತೆಗೆದಿಟ್ಟ ರೊಕ್ಕ ಇರ್ತೈತಿ, 2013ರ ಕಾಯ್ದೆ ಐತಿ ಅದಕ್ಕ, ವಾದ್ಯ ವೇಷಭೂಷಣಕ್ಕ, ತರಬೇತಿಗೆ, ಕಾರ್ಯಕ್ರಮಕ್ಕ ಅದರಾಗ ಕೊಡ್ತಾರ. ನಮ್ಮ ಮೂರೂ ಜಿಲ್ಲಾದಾಗ ಕಲೆ ಹಿಡ್ಕೊಂಡು ಬಂದವ್ರು ಯಾರು ನೋಡ್ರಿ, ಶಿಳ್ಳೇಕ್ಯಾತರು, ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಲಂಬಾಣಿಗರು ಎಸ್‌ಸಿ ಪಟ್ಟಿಯೊಳಗ, ನಾಯಕರು ಎಸ್‌ಟಿ ಪಟ್ಟಿಯೊಳಗ. ಅಂದ್ರ ಸಾಮಾನ್ಯ ಅರ್ಜಿಯೊಳಗ ನೂರು ಮಂದಿ ಜೊತೆ ಗುದ್ದಾಡೋದಕ್ಕಿಂತ ಇಲ್ಲಿ ಹಾದಿ ಸ್ವಲ್ಪ ಸಲೀಸು. ಅಲೆಮಾರಿ ಮಂದಿಗೆ ಜಾತಿ ಸರ್ಟಿಫಿಕೇಟ್ ಹೊಂದ್ಸೋದ ಒಂದು ದೊಡ್ಡ ಕೆಲ್ಸ, ಊರು ಯಾವ್ದು, ದಾಖಲೆ ಯಾವ್ದು ಅಂತ ಕೇಳ್ತಾರ, ಅದಕ್ಕ ಸ್ಕೀಮ್ ಕರ್ದಾಗ ಓಡೋದಲ್ಲ, ಮೊದ್ಲ ಮಾಡಿಸಿ ಇಟ್ಟಿರ್ಬೇಕು.

ಕೈಕೆಲ್ಸದವ್ರಿಗೆ: ವಿಶ್ವಕರ್ಮನಾ, ಪೆಹಚಾನ್ ಕಾರ್ಡಾ

ಕಿನ್ನಾಳದಾಗ ಕಟ್ಟಿಗಿ ಗೊಂಬಿ ಮಾಡೋರು, ಸಂಡೂರಿನಾಗ ಲಂಬಾಣಿ ಕಸೂತಿ ಹಾಕೋರು, ಎರಡಕ್ಕೂ ಜಿಐ ಟ್ಯಾಗ್ (ಇದು ಈ ಊರಿನದ ಅನ್ನೋ ಸರ್ಕಾರಿ ಗುರುತು) ಐತಿ. 2023ರಾಗ ಹಂಪ್ಯಾಗ ಜಿ20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಣ್ಮಕ್ಕಳ ಕಸೂತಿ ಗಿನ್ನೆಸ್ ದಾಖಲೆಗೂ ಹೋತು. ಇವ್ರಿಗೆ ಸಂಸ್ಕೃತಿ ಇಲಾಖೆಗಿಂತ ಬ್ಯಾರೆ ಬಾಗಿಲು ಅದಾವ.

ಪಿಎಂ ವಿಶ್ವಕರ್ಮ 2023ರ ಸೆಪ್ಟೆಂಬರ್ 17ಕ್ಕ ಸುರು ಆಗಿದ್ದು. 18 ಕಸುಬಿಗೆ ಅಷ್ಟ. ಆ 18ರಾಗ ಗೊಂಬಿ ಆಟಿಗಿ ಮಾಡೋರು ಅದಾರ, ಶಿಲ್ಪಿಗೋಳು ಅದಾರ, ಬಡಿಗ್ಯಾರು, ಕುಂಬಾರರು, ಬುಟ್ಟಿ ಚಾಪಿ ಹೆಣೆಯೋರು, ದರ್ಜಿಗೋಳು ಅದಾರ. ಕಸೂತಿ ಅಂತ ಬ್ಯಾರೆ ಇಲ್ಲ. ವಾದ್ಯ ಮಾಡೋರು ಅಂತ ಇಲ್ಲ. ಹಾಡೋರು ಕುಣಿಯೋರು ಅಂತೂ ಇಲ್ಲವೇ ಇಲ್ಲ. ಅಂದ್ರ ಕಿನ್ನಾಳದ ಚಿತ್ರಗಾರರಿಗೆ ಇದು ಸರಿಯಾಗಿ ಕುಂದ್ರತೈತಿ, ಸಂಡೂರಿನ ಅಕ್ಕಂದಿರಿಗೆ ಕುಂದ್ರಂಗಿಲ್ಲ, ಹೊಲಿಗಿನೂ ಮಾಡ್ತಿದ್ರ ದರ್ಜಿ ಅಂತ ಹಾಕ್ಬಹುದು, ಬರೀ ಕಸೂತಿ ಅಂದ್ರ ಆಗಂಗಿಲ್ಲ. ಸಿಗೋದು ಏನಂದ್ರ ತರಬೇತಿ, ತರಬೇತಿ ದಿನಕ್ಕ 500 ರೂಪಾಯಿ, ಸಾಮಾನಿಗೆ 15,000ದ ವೋಚರ್, ಆಮ್ಯಾಲ ಜಾಮೀನಿಲ್ಲದ ಸಾಲ, ಮೊದ್ಲ 1 ಲಕ್ಷ, ಅದನ್ನ ತೀರ್ಸಿದ ಮ್ಯಾಲ 2 ಲಕ್ಷ, ಬಡ್ಡಿ 5%. ಸಾಲ ಅನ್ನೋ ಶಬ್ದ ಮರೀಬ್ಯಾಡ್ರಿ. ಮಂದಿ ಇದನ್ನ 3 ಲಕ್ಷ ಸಹಾಯಧನ ಅಂತ ತಿಳ್ಕೊಂಡು ಕುಂತಾರ. ವರ್ಷದಾಗ ದಸರಾ, ದೀಪಾವಳಿ, ಎಕ್ಸಿಬಿಷನ್ ಬಿಟ್ರ ಮಾರಾಟ ಇಲ್ಲದ ಗೊಂಬಿ ಕೆಲ್ಸಕ್ಕ ತಿಂಗಳ ಕಂತಿನ ಸಾಲ ಹೊಂದ್ತೈತೋ ಇಲ್ಲೋ ಅಂತ ಯೋಚ್ನೆ ಮಾಡಿ ತಗೊಳ್ರಿ. ತರಬೇತಿ ಮತ್ತ ಸಾಮಾನು ತಗೊಂಡು ಸಾಲ ಬ್ಯಾಡ ಅಂದ್ರೂ ನಡೀತೈತಿ.

ಪೆಹಚಾನ್ ಕಾರ್ಡ್ ಅಂದ್ರ ಕೈಕೆಲ್ಸದವ್ರಿಗೆ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡೋ ಗುರುತಿನ ಚೀಟಿ. ಇದು ಕೈಗೆ ನೇರ ರೊಕ್ಕ ಕೊಡಂಗಿಲ್ಲ, ಅದಕ್ಕ ಮಂದಿಗೆ ಆಸಕ್ತಿ ಇಲ್ಲ. ಆದ್ರ ಕರಕುಶಲ ಮೇಳಕ್ಕ ಸ್ಟಾಲ್, ಆ ವಿಭಾಗದ ತರಬೇತಿ, ಪ್ರಶಸ್ತಿಗೆ ಅರ್ಜಿ, ಎಲ್ಲಾದಕ್ಕೂ ಮೊದ್ಲ ಕೇಳೋದು ಈ ಕಾರ್ಡ್. ಕಸೂತಿಗೆ ಸಿಗ್ತೈತಿ, ತೊಗಲುಗೊಂಬಿ ಮಾಡೋರಿಗೆ ಸಿಗ್ತೈತಿ. ಕಿನ್ನಾಳದವ್ರು ಎರಡೂ ಮಾಡಿಸ್ರಿ, ಸಂಡೂರಿನವ್ರು ಪೆಹಚಾನ್ ಮಾಡಿಸಿ ಮೇಳದ ಸ್ಟಾಲ್ ಹಿಡೀರಿ, ದಲ್ಲಾಳಿಗೆ ಕೊಡೋದಕ್ಕಿಂತ ಸ್ವಂತ ಸ್ಟಾಲಿನಾಗ ಸಿಗೋ ರೇಟ ಬ್ಯಾರೆ.

ಕಾಗದ

ಕಾಗದದ ವಿಷ್ಯ ಸಣ್ಣದಂಗ ಕಾಣ್ತೈತಿ, ಅರ್ಜಿ ಬೀಳೋದು ಇಲ್ಲೇ. ಆಧಾರ್‌ನಾಗ ಹುಲಿಗೆಮ್ಮ, ಬ್ಯಾಂಕಿನಾಗ ಹುಲಗಮ್ಮ, ರೇಷನ್ ಕಾರ್ಡಿನಾಗ ಹುಲಿಗೆವ್ವ, ಈ ತರ ಇದ್ರ ಮೊದ್ಲ ಒಂದ ಮಾಡಿಸ್ರಿ. ಖಾತೆಗೆ ಆಧಾರ್ ಲಿಂಕ್ ಅಂದ್ರ ಸಾಕಾಗಂಗಿಲ್ಲ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮ್ಯಾಲ ಬರೋ ಸರ್ಕಾರದ ರೊಕ್ಕ ಯಾವ ಖಾತೆಗೆ ಬೀಳ್ಬೇಕು ಅನ್ನೋ ಜೋಡಣೆ) ಆಗೈತೇನು ಅಂತ ಬ್ಯಾಂಕಿನಾಗ ಕೇಳ್ರಿ, ಇಲ್ಲಂದ್ರ ಮಂಜೂರಾದ ರೊಕ್ಕ ಯಾವ್ದೋ ಹಳೇ ಖಾತೆಗೆ ಹೋಗಿ ಕುಂದ್ರತೈತಿ. ಆದಾಯ ಪ್ರಮಾಣಪತ್ರ ನಾಡಕಚೇರಿಯಾಗ ಮಾಡಿಸ್ರಿ. ಮತ್ತ ಕಲೆಯ ಸಾಕ್ಷಿ: ಹಳೇ ಕರಪತ್ರ, ಜಾತ್ರಿ ಪೋಸ್ಟರ್, ಪಂಚಾಯ್ತಿ ಪತ್ರ, ಆಕಾಶವಾಣಿಯಾಗ ಹಾಡಿದ್ರ ಅದರ ಕರಾರು ಪತ್ರ, ಪೇಪರ್ ತುಣುಕು, ಎಲ್ಲಾದ್ರ ಮ್ಯಾಲೂ ಇಸವಿ ಕಾಣ್ಬೇಕು. ಇಸವಿ ಇಲ್ಲದ ಶಾಲು ಹೊದಿಸಿದ ಫೋಟೋ ನೂರು ಇದ್ರೂ ಉಪಯೋಗ ಇಲ್ಲ. ಮೊಹರಂನಾಗ ರಿವಾಯತ್ ಹಾಡೋರು, ಅಲಾಯಿ ಕುಣಿಯೋರು ಅಂತೂ ಯಾವತ್ತೂ ಫೋಟೋ ತಗಸಿಕೊಂಡೋರಲ್ಲ, ಮುದಗಲ್ ಕಡೆ ಎಷ್ಟು ಮಂದಿ ಅದಾರ ಅಂಥವ್ರು, ಮುಂದಿನ ಮೊಹರಂಗೆ ಮೊಮ್ಮಕ್ಕಳ ಮೊಬೈಲಿನಾಗ ವಿಡಿಯೋ ಮಾಡಿಸಿ ಇಡ್ರಿ, ಕಮಿಟಿಯವ್ರಿಂದ ಒಂದು ಪತ್ರ ಬರೆಸಿ ಇಡ್ರಿ.

ಯಾರಾದ್ರೂ ಬಂದು ಮಂಜೂರು ಮಾಡಿಸಿಕೊಡ್ತೀನಿ, ಮೊದಲ ಮೂರು ತಿಂಗಳ ಮಾಸಾಶನ ನನಗ ಅಂದ್ರ ಬಾಗಿಲು ತೋರ್ಸಿ ಕಳ್ಸ್ರಿ. ವಿಶ್ವಕರ್ಮ ನೋಂದಣಿ ಪೂರ್ತಿ ಉಚಿತ. ಗ್ರಾಮ ಒನ್‌ನಾಗ ಸೇವಾ ಶುಲ್ಕ ತಗೊಳ್ತಾರ, ರಸೀದಿ ಇಸ್ಕೊಳ್ರಿ.

ಕೊನಿಗೆ, ಒಂದ ಮನ್ಯಾಗ ಎಲ್ಲಾರೂ ಕಲಾವಿದರಾಗಿದ್ರ ಒಬ್ರಿಗೆ ಬಂದ್ರ ಇನ್ನೊಬ್ರಿಗೆ ಬರಂಗಿಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ. ಹಂಗಿಲ್ಲ. ತೊಗಲುಗೊಂಬಿ ಆಡ್ಸೋ ಒಂದು ಮನಿ ಅಂತ ತಿಳ್ಕೊಳ್ರಿ, ಅಜ್ಜಿಗೆ ಮಾಸಾಶನ, ಗೊಂಬಿ ಕೊರೆಯೋ ಮಗನಿಗೆ ಪೆಹಚಾನ್, 20ರ ಮೊಮ್ಮಗನಿಗೆ ಯುವ ಸ್ಕಾಲರ್‌ಶಿಪ್, 12ರ ಮೊಮ್ಮಗಳಿಗೆ ಮಕ್ಕಳ ಸ್ಕಾಲರ್‌ಶಿಪ್, ನಾಕೂ ಬ್ಯಾರೆ ಬ್ಯಾರೆ ಹೆಸರಿನಾಗ, ಬ್ಯಾರೆ ಬ್ಯಾರೆ ಸ್ಕೀಮಿಗೆ ಹೋಗೋ ಅರ್ಜಿ, ಒಂದಕ್ಕೊಂದು ಅಡ್ಡ ಬರಂಗಿಲ್ಲ. ಒಂದು ಕುಟುಂಬಕ್ಕ ಒಬ್ರ ಅನ್ನೋ ನಿಯಮ ಇರೋದು ವಿಶ್ವಕರ್ಮದಾಗ, ಅದರಾಗ ಗಂಡ ಹೆಂಡ್ತಿ ಮದುವೆ ಆಗದ ಮಕ್ಕಳು ಸೇರಿ ಒಂದು ಕುಟುಂಬ ಅಂತ ಲೆಕ್ಕ, ಹಂಗಾಗಿ ಕಿನ್ನಾಳದ ಮನಿಗೋಳಾಗ ಗೊಂಬಿಗೆ ಬಣ್ಣ ಹಚ್ಚೋ ಹೆಂಡ್ತಿ ಹೆಸರಿನಾಗ ಹಾಕ್ಬೇಕೋ, ಕಟ್ಟಿಗಿ ಕೊರೆಯೋ ಗಂಡನ ಹೆಸರಿನಾಗ ಹಾಕ್ಬೇಕೋ ಅನ್ನೋದನ್ನ ಸೆಂಟರಿಗೆ ಹೋಗಿ ಬೆರಳಚ್ಚು ಕೊಡೋ ಮೊದ್ಲ ಮನ್ಯಾಗ ಕುಂತು ಮಾತಾಡ್ಕೊಳ್ರಿ.